ಕೆಂಚಿಗೆ ಅಜ್ಜಿ ಕೊಟ್ಟ ಜೋಡಿ ಬಳೆ

ಭೂಮಿ ಇನ್ನೂ ಎಳೆಗೂಸಾಗಿದ್ದಾಗ, ಬೆಟ್ಟಗಳ ಮೈ ಬೆಚ್ಚಗೇ ಇದ್ದಾಗ, ಲೋಹಗಳೂ ನಮ್ಮ ಹಾಗೆ ಓಡಾಡಿಕೊಂಡು, ಮಾತಾಡಿಕೊಂಡು ಇದ್ದವು.

ಹುಳಿನೀರಿನ ಕೊಳದ ದಡದಲ್ಲಿ ತಾಮ್ರದವರ ಮನೆ. ಆ ಮನೆಯ ಮೊಮ್ಮಗಳು ಕೆಂಚಿ. ಕೆಂಪಗೆ ಫಳಫಳ ಹೊಳೆಯುವ ಹುಡುಗಿ. ಅವಳ ಕೈಯಲ್ಲಿ ಎರಡೇ ಎರಡು ಬಳೆ, ಕಣ್ಣಿಗೆ ಕಾಣದಷ್ಟು ಸಣ್ಣವು. ಆದರೆ ಅವಳ ಕೆಂಪು, ಅವಳ ಗಟ್ಟಿತನ ಎಲ್ಲ ಆ ಬಳೆಗಳಿಂದಲೇ.

"ಹುಳಿನೀರಿಗೆ ಇಳೀಬೇಡ್ವೇ, ಬಳೆ ಕಳ್ಕೊಂಡೀಯ!" ಎಂದು ತಾಮ್ರಜ್ಜಿ ದಿನಾ ಹೇಳುತ್ತಿದ್ದಳು.

ಒಂದು ದಿನ ಬಿಸಿಲು ಜೋರಾಗಿತ್ತು. ಕೆಂಚಿ ತಡೆಯಲಾರದೆ ಕೊಳಕ್ಕೆ ಇಳಿದಳು. ಹಿಂದೆಯೇ ಒಂದು ಪುಟ್ಟ ಗಾಳಿಯೂ ಇಳಿಯಿತು. ಗಾಳಿಗೆ ಬಳೆಯೆಂದರೆ ಪ್ರಾಣ.

"ಒಂದ್ಸಲ ಹಾಕ್ಕೊಂಡು ಕೊಡ್ತೀನಿ ಕಣೇ," ಎಂದಿತು ಗಾಳಿ.

ಕೆಂಚಿ ನಗುತ್ತ ಎರಡನ್ನೂ ಬಿಚ್ಚಿ ಕೊಟ್ಟಳು. ಬಳೆ ತೊಟ್ಟದ್ದೇ ತಡ, ಗಾಳಿ ನೀರಿನಲ್ಲಿ ನೀರಾಗಿ ಬೆರೆತುಹೋಯಿತು! ಇತ್ತ ಕೆಂಚಿಯ ಕೆಂಪೂ ಕರಗಿತು, ಮೈಯೂ ಕರಗಿತು. ನೋಡನೋಡುತ್ತ ಅವಳು ಕೊಳದ ತುಂಬ ನೀಲಿಯಾಗಿ ಹರಡಿಬಿಟ್ಟಳು.

"ಕೆಂಚೀ, ಎಲ್ಲಿದ್ದೀಯೇ?" ಎಂದು ಕೂಗುತ್ತ ಅಜ್ಜಿ ದಡಕ್ಕೆ ಬಂದಳು.

"ಇಲ್ಲೇ ಅಜ್ಜಿ, ನಿನ್ನ ಕಾಲ ಹತ್ರಾನೇ!"

ಅಜ್ಜಿಗೆ ಕಂಡದ್ದು ಬರೀ ನೀಲಿ ನೀರು. ಇನ್ನು ಯಾರೂ ನನ್ನ ಎತ್ತಿಕೊಳ್ಳಲಾರರು ಅನ್ನಿಸಿ ಕೆಂಚಿಗೆ ಅಳು ಬಂತು.

ಬಿಸಿಲು ಒಂದು ಬೊಗಸೆ ನೀರನ್ನು ಒಣಗಿಸಿ ನೋಡಿತು. ನೀಲಿ ಹರಳು ಸಿಕ್ಕಿತು, ಕೆಂಚಿ ಸಿಗಲಿಲ್ಲ.

ಮಧ್ಯಾಹ್ನ ಮೋಡ ಕವಿದು ಮಿಂಚಮ್ಮ ಬಂದಳು. ಅಜ್ಜಿ ಕೈಮುಗಿದು ನಡೆದದ್ದನ್ನೆಲ್ಲ ಹೇಳಿದಳು.

"ನನ್ನ ಹತ್ರ ಬಳೆ ಇಲ್ಲವಮ್ಮ," ಎಂದಳು ಮಿಂಚಮ್ಮ. "ಒಬ್ರು ಕೊಟ್ಟದ್ದನ್ನ ಇನ್ನೊಬ್ರಿಗೆ ಮುಟ್ಟಿಸೋದಷ್ಟೇ ನನ್ನ ಕೆಲಸ. ಆದ್ರೆ ಕೊಟ್ಟೋರು ನೀರಿಗಿಳಿದು ನೀಲಿ ಆಗ್ಬೇಕು."

ಅಜ್ಜಿ ತಕ್ಷಣ ದಡದಲ್ಲಿ ಕೂತಳು. ಕೊಳಕ್ಕೆ ಕಾಲು ಇಳಿಬಿಟ್ಟು ತನ್ನ ಕೈಯ ಎರಡೂ ಬಳೆ ಬಿಚ್ಚಿದಳು. "ಕೂತೂ ಕೂತೂ ಸೊಂಟ ಹಿಡಿದಿತ್ತು. ಸ್ವಲ್ಪ ಈಜ್ತೀನಿ ಬಿಡು."

ಮಿಂಚಮ್ಮ ಬಳೆ ತೆಗೆದುಕೊಂಡು ಆಚೆ ದಡಕ್ಕೆ ಹೋಗಿ ಕೈಯನ್ನು ನೀರಿಗೆ ಅದ್ದಿದಳು. "ಬಾರೇ ಕೆಂಚಿ, ತಗೋ!"

ಕೆಂಚಿ ಈಜಿದಳು, ಈಜಿದಳು. ಒಂದು ಬಳೆ ತೊಟ್ಟಳು. ಎರಡನೆಯದೂ ತೊಟ್ಟಳು. ಮೈ ಗಟ್ಟಿಯಾಯಿತು, ಕೆಂಪಾಯಿತು! ಮಿಂಚಮ್ಮನ ಕೈಯನ್ನೇ ಗಟ್ಟಿಯಾಗಿ ಅಪ್ಪಿಕೊಂಡು ಕುಳಿತಳು.

ತಿರುಗಿ ನೋಡಿದರೆ ಈಚೆ ದಡದಲ್ಲಿ ಅಜ್ಜಿ ಇಲ್ಲ.

"ಅಜ್ಜೀ!"

"ಯಾಕೆ ಕೂಗ್ತೀಯೇ? ನೀರು ಎಷ್ಟು ತಂಪಾಗಿದೆ ಗೊತ್ತಾ! ನಂಗೆ ನೀಲಿ ಒಪ್ಪುತ್ತಾ?"

ಕೆಂಚಿ ಕಣ್ಣೊರೆಸಿಕೊಂಡು ನಕ್ಕಳು. "ತುಂಬಾ ಒಪ್ಪುತ್ತೆ, ಅಜ್ಜಿ."

ಮರುವಾರ ಮಿಂಚಮ್ಮ ಬಂದಾಗ ಕೆಂಚಿಯ ದೊಡ್ಡತ್ತೆ ತನ್ನ ಬಳೆ ಬಿಚ್ಚಿಕೊಟ್ಟು ನೀರಿಗಿಳಿದಳು, ಅಜ್ಜಿ ಕೆಂಪಗೆ ಎದ್ದು ಬಂದಳು. ಆಮೇಲೆ ಅದೇ ವಾಡಿಕೆಯಾಯಿತು: ಈಚೆ ದಡದಿಂದ ಒಬ್ಬರು ಇಳಿದರೆ, ಆಚೆ ದಡದಲ್ಲಿ ಒಬ್ಬರು ಏಳುವುದು.

ಅದಕ್ಕೇ ಮಗೂ, ಇವತ್ತಿಗೂ ನಿನ್ನ ಶಾಲೆಯಲ್ಲಿ ಮೈಲುತುತ್ತ, ಅಂದರೆ ಅದೇ ನೀಲಿ ಹರಳು, ಕರಗಿಸಿದ ನೀರಿಗೆ ಎರಡು ತಾಮ್ರದ ಪಟ್ಟಿ ಇಳಿಬಿಟ್ಟು ಬ್ಯಾಟರಿಗೆ ಜೋಡಿಸಿದರೆ, ಮಿಂಚಮ್ಮ ಎಲೆಕ್ಟ್ರಾನ್ ಎಂಬ ಆ ಬಳೆಗಳನ್ನು ತಂತಿಯಲ್ಲಿ ಸಾಗಿಸುತ್ತಾಳೆ; ಒಂದು ಪಟ್ಟಿ ಸವೆಯುತ್ತದೆ, ಇನ್ನೊಂದು ದಪ್ಪವಾಗುತ್ತದೆ, ನಡುವಿನ ನೀಲಿ ಮಾತ್ರ ಇದ್ದ ಹಾಗೇ ಇರುತ್ತದೆ.