ಬುಧವಾರದ ಒಪ್ಪತ್ತು

"ಗುರುಗಳೇ, ಮನೆಯ ಖರ್ಚನ್ನು ಅರ್ಧಕ್ಕೆ ಇಳಿಸಿದ್ದೇನೆ. ಇನ್ನೂ ಇಳಿಸಬೇಕಾಗಿದೆ. ಎಲ್ಲಿ ಇಳಿಸಲಿ?" ಎಂದು ಅಡಿವೆಪ್ಪ ಕೇಳಿದ.

ಅಡಿವೆಪ್ಪ ಸಂಸಾರಿ. ದುಡಿಮೆ ಸಣ್ಣದು, ಉಣ್ಣುವ ಬಾಯಿಗಳು ಹೆಚ್ಚು. ಹದಿನೈದು ದಿನಕ್ಕೊಮ್ಮೆ ಮಠಕ್ಕೆ ಬಂದು, ಗುರುಗಳ ಮುಂದೆ ಸ್ವಲ್ಪ ಹೊತ್ತು ಕೂತು ಹೋಗುತ್ತಿದ್ದ.

"ಅರ್ಧಕ್ಕೆ ಇಳಿಸಿದಾಗ ಮನೆಯಲ್ಲಿ ಯಾರು ಏನೆಂದರು?" ಎಂದು ಗುರುಗಳು ಕೇಳಿದರು.

"ಯಾರೂ ಏನೂ ಅನ್ನಲಿಲ್ಲ. ಆ ವಿಷಯದಲ್ಲಿ ನಾನು ಪುಣ್ಯವಂತ."

"ಓಹೋ, ಪುಣ್ಯವಂತನೋ! ಹಾಗಾದರೆ ಕೂತುಕೋ. ನಿನ್ನಂಥ ಇನ್ನೊಬ್ಬ ಪುಣ್ಯವಂತನ ಕತೆ ಹೇಳುತ್ತೇನೆ. ನಡುವೆ ಬಾಯಿ ಹಾಕಬೇಡ," ಎಂದು ಗುರುಗಳು ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ಹಗ್ಗ ಹೊಸೆಯುವವನಿದ್ದ. ಮನೆಯಲ್ಲಿ ಹೆಂಡತಿ, ಐದು ವರ್ಷದ ಮಗಳು, ಮೊಲೆ ಕುಡಿಯುವ ಕೂಸು, ಅವನ ಅಕ್ಕ. ಅಕ್ಕ ಗಂಡ ಸತ್ತ ಮೇಲೆ ತಮ್ಮನ ಆಸರೆಗೆ ಬಂದವಳು. ಛೆ, ಹಾಗೆ ಹೇಳಿದರೆ ತಪ್ಪಾಗುತ್ತದೆ. ತಾಯಿ ಸತ್ತಾಗ ತಮ್ಮ ಇನ್ನೂ ಅಂಬೆಗಾಲಿಡುತ್ತಿದ್ದ. ಅವನನ್ನು ಎತ್ತಿ ಆಡಿಸಿ ಮನುಷ್ಯನನ್ನಾಗಿ ಮಾಡಿದವಳು ಇವಳೇ. ಅವಳಿಗೆ ನೀಲವ್ವ ಎಂಬ ಹೆಸರಿತ್ತು. ಆ ಹೆಸರು ಹಿಡಿದು ಕರೆಯುವವರು ಒಬ್ಬೊಬ್ಬರಾಗಿ ತೀರಿಹೋಗಿದ್ದರು. ತಮ್ಮನಿಗೆ ಅಕ್ಕ, ಮಗುವಿಗೆ ಅತ್ತೆ, ಊರಿಗೆ ಹಗ್ಗದವನ ಅಕ್ಕ.

ಅವರ ಕಸುಬಿಗೆ ಎರಡು ಜನ ಬೇಕು. ಒಬ್ಬರು ಒಂದು ಕಡೆ ಕೂತು ರಾಟೆ ತಿರುಗಿಸಬೇಕು. ಇನ್ನೊಬ್ಬರು ಸೊಂಟಕ್ಕೆ ನಾರಿನ ಕಟ್ಟು ಸುತ್ತಿಕೊಂಡು, ನಾರು ಕೊಡುತ್ತಾ ಕೊಡುತ್ತಾ ಹಿಂದೆ ಹಿಂದೆ ನಡೆಯಬೇಕು. ಹುರಿ ಉದ್ದವಾದಷ್ಟೂ ಇಬ್ಬರೂ ದೂರವಾಗುತ್ತಾರೆ. ಕೊನೆಗೆ ಒಬ್ಬರ ಮುಖ ಇನ್ನೊಬ್ಬರಿಗೆ ಕಾಣುವುದಿಲ್ಲ. ರಾಟೆ ತಿರುಗಿಸುತ್ತಿದ್ದವಳು ಅಕ್ಕ. ಮೊದಲೆಲ್ಲ ಅವಳು ಆ ತುದಿಯಿಂದ ಕೂಗಿ ಕೂಗಿ ತಮಾಷೆ ಮಾಡುತ್ತಿದ್ದಳು. "ಇನ್ನೂ ಹಿಂದೆ ಹೋದರೆ ಮಾವನ ಮನೆ ಸೇರುತ್ತೀಯೋ!" ಎಂದು ಕೂಗಿದರೆ ದಾರಿಯಲ್ಲಿ ಹೋಗುವವರೂ ನಗುತ್ತಿದ್ದರು.

ಒಂದು ವರ್ಷ ಹಗ್ಗಕ್ಕೆ ಬೇಕಾದ ಪುಂಡಿ ನಾರು ತುಟ್ಟಿಯಾಯಿತು. ಹಗ್ಗದ ಬೆಲೆ ಮಾತ್ರ ಏರಲಿಲ್ಲ. ಹಗ್ಗದವನು ಯಾರ ಬಾಗಿಲಿಗೂ ಹೋಗಿ ಕೈ ಚಾಚಲಿಲ್ಲ. ಮನೆಯಲ್ಲೇ ಕೈ ಬಿಗಿ ಹಿಡಿದ. ತಾನು ಎಲೆ ಅಡಿಕೆ ಬಿಟ್ಟ. ಒಗ್ಗರಣೆ ಅಮಾವಾಸ್ಯೆಗೊಮ್ಮೆ ಎಂದಾಯಿತು. ಬಿಸಿನೀರಿನ ಸ್ನಾನ ಮಕ್ಕಳಿಗೆ ಮಾತ್ರ. ನಡುವೆ ಹರಿದ ಸೀರೆಯನ್ನು ಸೀಳಿ, ಅಂಚಿಗೆ ಅಂಚು ಕೂಡಿಸಿ ಹೊಲಿದು ಇನ್ನೊಂದು ವರ್ಷ ಉಟ್ಟರು. ಇದರಲ್ಲಿ ನಾನು ತಪ್ಪು ಹುಡುಕುವುದಿಲ್ಲ. ಇಲ್ಲದಾಗ ಇಲ್ಲದವರಂತೆ ಇರಬೇಕು. ಒಲೆಯಲ್ಲಿ ಬೆಂಕಿ ಇಲ್ಲದಿದ್ದರೂ ಹೊರಗೆ ಮೀಸೆ ತಿರುವುವ ಗಂಡಸರನ್ನು ಕಂಡರೆ ನನಗೆ ಮೈ ಉರಿಯುತ್ತದೆ.

ಅಷ್ಟು ಮಾಡಿದರೂ ಸಾಲಲಿಲ್ಲ. ಆಗ ಅವನು ಜೋಳದ ಹಿಟ್ಟನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದ. ಬೀಗದ ಕೈಯನ್ನು ಉಡಿದಾರಕ್ಕೆ ಕಟ್ಟಿಕೊಂಡ. ದಿನಾ ಬೆಳಿಗ್ಗೆ ತಾನೇ ಹಿಟ್ಟು ಅಳೆದು ಹೆಂಡತಿಗೆ ಕೊಡುತ್ತಿದ್ದ. ದಿನಕ್ಕೆ ಹದಿನೆಂಟು ರೊಟ್ಟಿಯ ಹಿಟ್ಟು ಹೋಗುತ್ತಿದ್ದ ಮನೆಯಲ್ಲಿ ಹದಿನೈದರ ಹಿಟ್ಟು ಕೊಟ್ಟ. ಬುಟ್ಟಿಯಲ್ಲಿ ಮೂರು ಕಡಿಮೆಯಾದರೆ ಎಲ್ಲರಿಗೂ ಚೂರು ಚೂರು ಕಡಿಮೆಯಾಗುತ್ತದೆ ಎಂದು ಅವನು ತಿಳಿದಿದ್ದ. ಹಾಗೆ ಆಗುವುದಿಲ್ಲ, ಅಡಿವೆಪ್ಪ. ದುಡಿಯುವ ಗಂಡಸು ಮೊದಲು ಉಣ್ಣುತ್ತಾನೆ. ಆಮೇಲೆ ಮಗು. ಹಾಲು ಕೊಡುವ ತಾಯಿ ಹಸಿದಿರಬಾರದೆಂದು ಅವಳನ್ನು ಕೂರಿಸಿ ಬಡಿಸುತ್ತಾರೆ. ಬುಟ್ಟಿ ಕೊನೆಯವರ ಹತ್ತಿರ ಬರುವಾಗ ಆ ಮೂರೂ ರೊಟ್ಟಿ ಅವರ ಪಾಲಿನಿಂದಲೇ ಹೋಗಿರುತ್ತವೆ.

ಆ ಮನೆಯಲ್ಲಿ ಕೊನೆಗೆ ಉಣ್ಣುತ್ತಿದ್ದವಳು ಅಕ್ಕ.

ಒಂದು ಸೋಮವಾರ ಅಕ್ಕ ಹೇಳಿದಳು, "ಇವತ್ತು ನನಗೆ ಒಪ್ಪತ್ತು. ರಾತ್ರಿ ರೊಟ್ಟಿ ಬೇಡ." ಒಂದೇ ಹೊತ್ತು ಉಣ್ಣುವ ವ್ರತ ಯಾರ ಮನೆಯಲ್ಲಿ ಇಲ್ಲ? ಯಾರೂ ಅದರ ಬಗ್ಗೆ ಯೋಚನೆ ಮಾಡಲಿಲ್ಲ. ಮುಂದಿನ ವಾರ ಶನಿವಾರವೂ ಸೇರಿತು. ಆಮೇಲೆ ಗುರುವಾರ. ಆಮೇಲೆ ಹುಣ್ಣಿಮೆ, ಏಕಾದಶಿ, ಸಂಕಷ್ಟಿ. ಶಿವನಿಗೊಂದು, ಹನುಮಪ್ಪನಿಗೊಂದು, ಗಣಪ್ಪನಿಗೊಂದು. ಊರಿನ ಪೂಜಾರಿಗೇ ಗೊತ್ತಿಲ್ಲದ ದೇವರೆಲ್ಲ ಅವಳಿಗೆ ಗೊತ್ತಾದರು. ನಗಬೇಡ, ಅಡಿವೆಪ್ಪ. ಇನ್ನೊಬ್ಬರ ಮನೆಯಲ್ಲಿ ಉಣ್ಣುವವರಿಗೆ ತುತ್ತು ಎತ್ತುವಾಗ ಕೈ ಎಷ್ಟು ಭಾರವಾಗುತ್ತದೆ ಎಂದು ನಿನಗೆ ಗೊತ್ತಿಲ್ಲ. ಆ ಮನೆ ಬೇರೆಯವರದೆಂದು ಯಾರೂ ಅವಳಿಗೆ ಹೇಳಿರಲಿಲ್ಲ. ನಿನ್ನದೇ ಎಂದೂ ಯಾರೂ ಹೇಳಿರಲಿಲ್ಲ.

ಹಗ್ಗದವನಿಗೆ ಅಕ್ಕನ ಮೇಲೆ ಭಕ್ತಿ ಹುಟ್ಟಿತು. ಸಂತೆಗೆ ಹೋದಲ್ಲೆಲ್ಲ, "ನಮ್ಮ ಅಕ್ಕನ ವ್ರತದಿಂದ ನಮ್ಮ ಮನೆ ನಡೆಯುತ್ತಿದೆ," ಎಂದು ಹೇಳುತ್ತಿದ್ದ. ಆ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ.

ಒಂದು ದಿನ ಹೆಂಡತಿ ಹೇಳಿದಳು, "ಅಕ್ಕ ಬಹಳ ಸೊರಗಿದ್ದಾರೆ. ಒಮ್ಮೆ ಹತ್ತಿರ ಕೂರಿಸಿಕೊಂಡು ಕೇಳಿ."

"ದೇವರ ವಿಷಯಕ್ಕೆ ಅಡ್ಡ ಬಾಯಿ ಹಾಕಬೇಡ. ಪಾಪ ಸುತ್ತಿಕೊಳ್ಳುತ್ತದೆ," ಎಂದು ಅವನು ಗದರಿಸಿದ.

ಅವನಿಗೆ ನಿಜಕ್ಕೂ ಗೊತ್ತಿರಲಿಲ್ಲವೇ ಎಂದು ನೀನು ಕೇಳಬಹುದು. ಅರ್ಧ ಗೊತ್ತಿತ್ತು. ಕೇಳಿದ್ದರೆ ಪೂರ್ತಿ ಗೊತ್ತಾಗುತ್ತಿತ್ತು. ಪೂರ್ತಿ ಗೊತ್ತಾದರೆ ಹಿಟ್ಟು ಹೆಚ್ಚು ಅಳೆಯಬೇಕಾಗುತ್ತಿತ್ತು. ಅದಕ್ಕೆ ಅವನು ಕೇಳಲಿಲ್ಲ.

ನನಗೆ ಹೊಟ್ಟೆ ಉರಿಯುವುದು ಮುಂದಿನ ಮಾತಿಗೆ. ಮಳೆಗಾಲ ಬಂತು, ಹಗ್ಗ ಇನ್ನೂ ಕಡಿಮೆ ಹೋಯಿತು. ಅವನು ಪೆಟ್ಟಿಗೆಯ ಮುಂದೆ ಕೂತು ಯೋಚಿಸಿದ. "ಹೇಗೂ ಅಕ್ಕ ರಾತ್ರಿ ಉಣ್ಣುವುದಿಲ್ಲ," ಎಂದು ಹನ್ನೆರಡು ರೊಟ್ಟಿಯ ಹಿಟ್ಟು ಅಳೆದ. ಇಷ್ಟು ದಿನ ಅವಳ ಪಾಲಿನದು ಅಷ್ಟೋ ಇಷ್ಟೋ ಬುಟ್ಟಿಯಲ್ಲಿ ಇರುತ್ತಿತ್ತು. ವ್ರತವಿಲ್ಲದ ದಿನವೂ ಅವಳೇ ಅದನ್ನು ಮಗುವಿನ ತಟ್ಟೆಗೆ ಹಾಕಿ ಎದ್ದುಹೋಗುತ್ತಿದ್ದಳು. ಕೊಟ್ಟೆನೆಂಬ ಸಮಾಧಾನವಾದರೂ ಅವಳಿಗಿತ್ತು. ಇನ್ನು ಮೇಲೆ ರಾತ್ರಿ ಅವಳಿಗೆ ಪಾಲೇ ಇಲ್ಲವಾಯಿತು.

ಒಂದು ಬುಧವಾರ ಅವಳಿಗೆ ಹಸಿವು ತಡೆಯಲಾಗಲಿಲ್ಲ. ಸಂಜೆ ತಟ್ಟೆ ಹಿಡಿದು ಬಂದು ಎಲ್ಲರ ಜೊತೆ ಸಾಲಿನಲ್ಲಿ ಕೂತಳು. ಎಷ್ಟೋ ತಿಂಗಳಾದ ಮೇಲೆ ಕೂತಿದ್ದಳು. ಹೆಂಡತಿ ಬುಟ್ಟಿ ನೋಡಿದಳು. ಬುಟ್ಟಿ ಖಾಲಿಯಿತ್ತು. ಹಗ್ಗದವನು ಕೊನೆಯ ರೊಟ್ಟಿ ಮುರಿದು ಬಾಯಿಗೆ ಇಟ್ಟುಕೊಂಡಿದ್ದ. ಅವನ ಕೈ ಅಲ್ಲೇ ನಿಂತಿತು.

ಅಕ್ಕ ತಟ್ಟೆ ಎತ್ತಿಕೊಂಡು ಎದ್ದಳು. "ಅಯ್ಯೋ, ನನ್ನ ಮರೆವೇ! ಇವತ್ತು ಬುಧವಾರ ಅಲ್ಲವೇ? ನನಗೆ ಒಪ್ಪತ್ತು."

"ಅತ್ತೆ, ಬುಧವಾರ ಯಾವ ದೇವರು?" ಎಂದು ಮಗು ಕೇಳಿತು.

"ಇದ್ದಾನಮ್ಮ ಒಬ್ಬ. ಹೆಸರು ನೆನಪಾಗುತ್ತಿಲ್ಲ," ಎಂದು ಅವಳು ಹೊರಗೆ ಹೋದಳು.

ಆ ಹೊತ್ತಿಗೆ ತಮ್ಮ ಎದ್ದು ಹೋಗಿ ಅವಳ ಕೈ ಹಿಡಿಯಬಹುದಿತ್ತು. ಬೀಗದ ಕೈ ಅವನ ಸೊಂಟದಲ್ಲೇ ಇತ್ತು. ಅವನು ತಲೆ ತಗ್ಗಿಸಿ ಊಟ ಮುಗಿಸಿದ.

ಅಂದಿನಿಂದ ಅವಳು ಹಗಲಾಗಲಿ ರಾತ್ರಿಯಾಗಲಿ ಊಟದ ಹೊತ್ತಿಗೆ ಮನೆಯಲ್ಲಿ ಇರುವುದನ್ನೇ ಬಿಟ್ಟಳು. ಉಣ್ಣದವರು ಎದುರಿಗೆ ಕೂತರೆ ಉಣ್ಣುವವರಿಗೆ ಗಂಟಲಲ್ಲಿ ಇಳಿಯುವುದಿಲ್ಲ. ಆ ತೊಂದರೆಯೂ ಬೇಡವೆಂದು ರಾಟೆಯ ಹತ್ತಿರ ಹೋಗಿ ಒಬ್ಬಳೇ ಕೂತಿರುತ್ತಿದ್ದಳು. ಎಲ್ಲರೂ ಕೈ ತೊಳೆದ ಮೇಲೆ ಬಂದು ಪಾತ್ರೆ ಬೆಳಗುತ್ತಿದ್ದಳು. ಅದೇ ಮನೆ, ಅದೇ ತಮ್ಮ, ತಾನೇ ಎತ್ತಿ ಆಡಿಸಿದ ಮಕ್ಕಳು. ಆದರೂ ಕಾಡಿನಲ್ಲಿರುವ ಸನ್ಯಾಸಿಗೂ ಅಷ್ಟು ಒಂಟಿತನ ಇರಲಿಕ್ಕಿಲ್ಲ. ನಾನು ಸನ್ಯಾಸಿ, ನನಗೆ ಗೊತ್ತು. ನನಗೆ ಹಸಿವಾದರೆ ನಾಲ್ಕು ಜನ ಬಂದು ಕೇಳುತ್ತಾರೆ.

ಹಗ್ಗ ಹೊಸೆಯುವಾಗ ರಾಟೆಯ ತುದಿಯಿಂದ ತಮಾಷೆಯ ಕೂಗು ಬರುವುದು ನಿಂತಿತು. ತಮ್ಮ ಅದನ್ನು ಗಮನಿಸಲಿಲ್ಲ. ಅವನು ಗಮನಿಸಿದ್ದು ಹಗ್ಗವನ್ನು. ಹುರಿ ಸಡಿಲವಾಗತೊಡಗಿತ್ತು. ಅವನು ಮಾರಿದ ಒಂದು ಬಾವಿಯ ಹಗ್ಗ ತಿಂಗಳೊಳಗೆ ಬಿಚ್ಚಿಕೊಂಡು, ಕೊಂಡವರು ತಂದು ಅವನ ಮುಂದೆ ಎಸೆದು ಹೋದರು. ಅವನಿಗೆ ಸಿಟ್ಟು ಬಂತು.

"ಅಕ್ಕಾ, ದೇವರ ಧ್ಯಾನ ಮನೆಯಲ್ಲಿ ಮಾಡು. ರಾಟೆಯ ಮುಂದೆ ಕೂತಾಗ ಕೈಯಲ್ಲಿ ಬಲ ಇರಲಿ," ಎಂದ.

"ಆಗಲಪ್ಪ, ನಾಳೆಯಿಂದ ಬಿಗಿಯಾಗಿ ತಿರುಗಿಸುತ್ತೇನೆ," ಎಂದಳು.

ಮರುದಿನ ಬಿಗಿಯಾಗಿಯೇ ತಿರುಗಿಸಿದಳು. ತಮ್ಮ ನಾರು ಕೊಡುತ್ತಾ ಹಿಂದೆ ಹಿಂದೆ ನಡೆದ. ಬಹಳ ದೂರ ಹೋದ ಮೇಲೆ ಹುರಿ ಅವನ ಕೈಯಲ್ಲಿ ಒಮ್ಮೆಲೇ ಹಿಂದಕ್ಕೆ ತಿರುಗಿ ಬಿಚ್ಚಿಕೊಳ್ಳತೊಡಗಿತು. ರಾಟೆ ಹಿಡಿದ ಕೈ ಬಿಟ್ಟಿದೆ ಎಂದು ಅವನಿಗೆ ತಿಳಿಯಿತು. "ಅಕ್ಕಾ, ತಿರುಗಿಸು!" ಎಂದು ಕೂಗಿದ. ಉತ್ತರ ಬರಲಿಲ್ಲ. ಇನ್ನೊಮ್ಮೆ ಕೂಗಿದ. ಕೈಬಿಟ್ಟು ಓಡಿದರೆ ಅಷ್ಟೂ ಹುರಿ ಹಾಳು. ನಾರು ತುಟ್ಟಿ. ಅವನು ಹುರಿಯ ತುದಿಯನ್ನು ಜೋಪಾನವಾಗಿ ಗೂಟಕ್ಕೆ ಸುತ್ತಿ, ಗಂಟು ಹಾಕಿ, ಗಂಟು ಗಟ್ಟಿಯಿದೆಯೇ ಎಂದು ಜಗ್ಗಿ ನೋಡಿ, ಆಮೇಲೆ ಓಡಿದ.

ಅಕ್ಕ ರಾಟೆಯ ಪಕ್ಕದಲ್ಲಿ ಒರಗಿ ಬಿದ್ದಿದ್ದಳು. ಎತ್ತಿಕೊಂಡ. ಒಣ ನಾರಿನ ಕಟ್ಟಿನಷ್ಟೂ ಭಾರವಿರಲಿಲ್ಲ. ಮನೆಗೆ ತಂದು ಮಲಗಿಸಿ, ಬೀಗ ತೆಗೆದು, ಅಳೆಯದೆ ಎರಡೂ ಕೈಯಲ್ಲಿ ಹಿಟ್ಟು ತೆಗೆದುಕೊಟ್ಟ. ಹೆಂಡತಿ ಅಂಬಲಿ ಕಾಸಿ ಬಾಯಿಗೆ ಹಾಕಿದಳು. ಎರಡು ಗುಟುಕು ಇಳಿಯಿತು. ಮೂರನೆಯದು ಇಳಿಯಲಿಲ್ಲ. "ಮಗುವಿಗೆ ಕೊಡು," ಎಂದಳು. ಅವಳಿಗೆ ಯಾವ ಕಾಯಿಲೆಯೂ ಇರಲಿಲ್ಲ. ಎರಡು ದಿನ ಇದ್ದು ತೀರಿಕೊಂಡಳು.

ಸತ್ತ ಮೂರನೆಯ ದಿನ ಎಡೆ ಇಡಬೇಕು. ಸತ್ತವರಿಗೆ ಇಷ್ಟವಾದುದನ್ನೆಲ್ಲ ಮಾಡಿ ಎಲೆಯ ಮೇಲೆ ಬಡಿಸಿಡುವುದು ಪದ್ಧತಿ, ನಿನಗೇ ಗೊತ್ತಲ್ಲ. ಹಗ್ಗದವನು ಅಳುತ್ತಾ ಹೆಂಡತಿಗೆ ಹೇಳಿದ, "ಖರ್ಚು ನೋಡಬೇಡ. ಅಕ್ಕನಿಗೆ ಏನೇನು ಇಷ್ಟವೋ ಎಲ್ಲ ಮಾಡು."

"ಅಕ್ಕನಿಗೆ ಏನು ಇಷ್ಟ?" ಎಂದು ಹೆಂಡತಿ ಕೇಳಿದಳು.

ಅವನು ಹೇಳಲು ಹೋದ. ಅವಳು ಬೆಲ್ಲದ ಚೂರನ್ನು ಸೆರಗಿನಲ್ಲಿ ಕಟ್ಟಿಕೊಂಡು ಬರುತ್ತಿದ್ದದ್ದು ನೆನಪಾಯಿತು. ಹಾಲಿನ ಕೆನೆ ತೆಗೆದಿಡುತ್ತಿದ್ದದ್ದು ನೆನಪಾಯಿತು. ಹೋಳಿಗೆಯಲ್ಲಿ ಹೂರಣ ಹೆಚ್ಚಿದ್ದ ನಡುವಿನ ಭಾಗ ಮುರಿದು ಕೊಡುತ್ತಿದ್ದದ್ದು ನೆನಪಾಯಿತು. ಅದೆಲ್ಲ ಅವನಿಗೆ ಇಷ್ಟವಾದದ್ದು. ಅವಳು ಯಾವುದನ್ನಾದರೂ ಆಸೆಪಟ್ಟು ತಿಂದದ್ದು ಅವನು ಒಮ್ಮೆಯೂ ನೋಡಿರಲಿಲ್ಲ. ಹೆಂಡತಿಯೂ ನೋಡಿರಲಿಲ್ಲ. ನೆರೆಮನೆಯ ಮುದುಕಿಯನ್ನು ಕೇಳಿದರು. ಅವಳಿಗೂ ಗೊತ್ತಿರಲಿಲ್ಲ.

ಆಗ ಮಗು ಹೇಳಿತು, "ಅತ್ತೆಗೆ ನೀರು ಇಷ್ಟ. ಹೊರಗೆ ಕೂತು ಚೊಂಬುಗಟ್ಟಲೆ ನೀರು ಕುಡಿಯುತ್ತಿದ್ದಳು."

ಎಲೆಯ ಮೇಲೆ ಹೋಳಿಗೆ ಇಟ್ಟರೋ, ಬೇರೇನು ಇಟ್ಟರೋ ನನಗೆ ಗೊತ್ತಿಲ್ಲ. ಪಕ್ಕದಲ್ಲಿ ಒಂದು ಚೊಂಬು ನೀರಂತೂ ಇಟ್ಟರು. ಮುಂದಿನ ವರ್ಷ ನಾರಿನ ಬೆಲೆ ಇಳಿಯಿತು, ಹಗ್ಗ ಚೆನ್ನಾಗಿ ಹೋಯಿತು, ಅವನು ಪೆಟ್ಟಿಗೆಯ ಬೀಗ ತೆಗೆದುಹಾಕಿದ. ರಾಟೆ ತಿರುಗಿಸಲು ಕೂಲಿಯವರನ್ನು ಇಟ್ಟುಕೊಂಡ. ದೂರ ನಡೆದ ಮೇಲೆ ಆ ತುದಿಯಿಂದ ಯಾರಾದರೂ ಏನಾದರೂ ಕೂಗುತ್ತಾರೇನೋ ಎಂದು ಕಿವಿಗೊಟ್ಟು ನಿಲ್ಲುತ್ತಿದ್ದನಂತೆ. ಕೂಲಿಯವರು ಯಾಕೆ ಕೂಗುತ್ತಾರೆ?

ಗುರುಗಳು ಕತೆ ನಿಲ್ಲಿಸಿದರು. ಅಡಿವೆಪ್ಪ ನೆಲ ನೋಡುತ್ತಾ ಕೂತಿದ್ದ.

"ಹಾಗಾದರೆ ಖರ್ಚು ಇಳಿಸುವುದೇ ತಪ್ಪೇ, ಗುರುಗಳೇ? ನನಗೆ ಬೇರೆ ದಾರಿಯೇ ಇಲ್ಲ," ಎಂದ.

"ತಪ್ಪೆಂದು ನಾನು ಹೇಳಿದೆನೇನೋ? ಇಳಿಸು. ಬರುವುದು ಸಾಲದಿದ್ದರೆ ಇಳಿಸಲೇಬೇಕು," ಎಂದು ಗುರುಗಳು ಗದರಿದರು.

ಅಡಿವೆಪ್ಪನಿಗೆ ಜೀವ ಬಂದ ಹಾಗಾಯಿತು. ನಮಸ್ಕಾರ ಮಾಡಿ ಹೊರಡಲು ಎದ್ದ. ಅವನು ಬಾಗಿಲು ದಾಟುವ ಮೊದಲು ಗುರುಗಳು ಕೇಳಿದರು:

"ನಿನ್ನೆ ರಾತ್ರಿ ನಿನ್ನ ಹೆಂಡತಿ ಏನು ಉಂಡಳು?"

ಅಡಿವೆಪ್ಪ ಅಲ್ಲೇ ನಿಂತ. ನಿನ್ನೆ ತಾನು ಉಂಡದ್ದು ಮಾತ್ರ ಅವನಿಗೆ ನೆನಪಾಯಿತು.