ಉಪ್ಪು ತಿಂದ ಲಾರಿ

ಕಡಲ ದಂಡೆಯ ಒಂದೂರಿನಲ್ಲಿ ಹಮ್ಮಣ್ಣ ನಾಯಕ ಎಂಬವನಿದ್ದ. ಊರಾಚೆಯ ಉಪ್ಪಿನ ಆಗರದಿಂದ ಘಟ್ಟದ ಮೇಲಿನ ಪೇಟೆಗಳಿಗೆ ಉಪ್ಪು ಸಾಗಿಸುವುದು ಅವನ ಕಸುಬು. ಲಾರಿಯೂ ಅವನದೇ, ಡ್ರೈವರೂ ಅವನೇ.

ಲಾರಿಗೆ ಏಳು ವರ್ಷ. ನೋಡಿದವರು ಎಪ್ಪತ್ತು ಅನ್ನುತ್ತಿದ್ದರು. ಎಡಗಡೆಯ ಬಾಗಿಲನ್ನು ಕತ್ತದ ಹಗ್ಗವೊಂದು ಹಿಡಿದುಕೊಂಡಿತ್ತು. ಕ್ಯಾಬಿನ್ನಿನ ತಳವನ್ನು ತುಕ್ಕು ತಿಂದು ಜರಡಿ ಮಾಡಿತ್ತು. ಕಾಲಿನ ಕೆಳಗೆ ರಸ್ತೆ ಓಡುವುದು ಕಾಣುತ್ತಿತ್ತು. ಮಳೆಗಾಲಕ್ಕೆ ಮುಂಚಿನ ಕೊನೆಯ ಲೋಡು ಇಳಿಸಿ ಬರುವಾಗ ಹಿಂದಿನ ಮಡ್‌ಗಾರ್ಡ್ ಕಳಚಿ ರಸ್ತೆಗೆ ಬಿತ್ತು. ಎತ್ತಿಕೊಳ್ಳಲು ಹೋದರೆ ಕೈಯಲ್ಲೇ ಹಪ್ಪಳದ ಹಾಗೆ ಮುರಿಯಿತು. ಹಮ್ಮಣ್ಣ ಆ ಚೂರುಗಳನ್ನು ಹಿಡಿದುಕೊಂಡು ಬಹಳ ಹೊತ್ತು ರಸ್ತೆಬದಿಯಲ್ಲಿ ನಿಂತಿದ್ದ. ಅವನಿಗೆ ನಿಜವಾಗಿ ದುಃಖವಾಗಿತ್ತು.

ರಿಪೇರಿ ಮಾಡಿಸುವುದೋ, ಗುಜರಿಗೆ ಹಾಕಿ ಹೊಸದು ತರುವುದೋ? ಕೇಳಿದವರೆಲ್ಲ ಒಂದೊಂದು ಹೇಳಿದರು. ಚಹಾದ ಅಂಗಡಿಯಲ್ಲಿ ಕೂತವರಲ್ಲಿ ಸ್ವಂತಕ್ಕೊಂದು ಸೈಕಲ್ಲೂ ಇಲ್ಲದವರೇ ಹೆಚ್ಚು. ಆದರೂ ಲಾರಿಯ ವಿಷಯದಲ್ಲಿ ಅವರಿಗೆ ತಿಳಿಯದ್ದು ಏನೂ ಇರಲಿಲ್ಲ. ಎಲ್ಲರ ಮಾತೂ ಕೇಳಿ ತಲೆ ಕೆಟ್ಟು, ಹೊಸದೇ ಸೈ ಎಂದು ಹಮ್ಮಣ್ಣ ನಿರ್ಧರಿಸಿದ.

ಹೊಸ ಲಾರಿ ಬರಬೇಕಾದರೆ ಹೊಳೆಬದಿಯ ಗದ್ದೆ ಹೋಗಬೇಕಿತ್ತು. ಅವನಿಗೆ ಇದ್ದದ್ದು ಅದೊಂದೇ ಗದ್ದೆ. ಮನೆಗೆ ವರ್ಷದ ಅಕ್ಕಿ ಅದರಿಂದಲೇ ಬರುತ್ತಿತ್ತು. ನೆಟ್ಟಿಯಿಂದ ಕೊಯ್ಲಿನವರೆಗೆ ಅಲ್ಲಿ ಬೆನ್ನು ಬಗ್ಗಿಸುತ್ತಿದ್ದವಳು ಹೆಂಡತಿ ಬೀರಮ್ಮ. ಸೋಮವಾರ ಬಂದು ಗದ್ದೆಯ ಮಾತು ಮುಗಿಸುತ್ತೇನೆಂದು ಪಕ್ಕದೂರಿನವನೊಬ್ಬ ಹೇಳಿ ಕಳಿಸಿದ. ಸುದ್ದಿ ಕೇಳಿದ ಮೇಲೆ ಬೀರಮ್ಮ ಗಂಡನಿಗೆ ಹೊತ್ತುಹೊತ್ತಿಗೆ ಅನ್ನ ಬಡಿಸಿದಳು, ಮಾತು ಮಾತ್ರ ಬಡಿಸಲಿಲ್ಲ.

ಶನಿವಾರ ಹಮ್ಮಣ್ಣ ಲಾರಿಯನ್ನು ಇನಾಸ ಮೇಸ್ತ್ರಿಯ ಗ್ಯಾರೇಜಿಗೆ ಒಯ್ದ. ಮೇಸ್ತ್ರಿಗೆ ವಯಸ್ಸಾಗಿತ್ತು, ಮಾತು ಕಡಿಮೆ, ಸುತ್ತಿಗೆ ಜಾಸ್ತಿ. ಹಮ್ಮಣ್ಣ ಹೋದದ್ದು ಕೇಳಲಿಕ್ಕಲ್ಲ, ಹೂಂ ಅನ್ನಿಸಿಕೊಳ್ಳಲಿಕ್ಕೆ. ಈಗಿನ ಕಬ್ಬಿಣದಲ್ಲಿ ಸತ್ವವೇ ಇಲ್ಲ, ಹಿಂದಿನ ಲಾರಿಯೂ ಹೀಗೇ ಮಾಡಿತು, ಕಂಪನಿಯವರು ಮೋಸಗಾರರು ಎಂದು ಇಳಿಯುವ ಮೊದಲೇ ಶುರುಮಾಡಿದ.

ಮೇಸ್ತ್ರಿ ಲಾರಿಯ ಅಡಿಗೆ ನುಗ್ಗಿದ. ಹಮ್ಮಣ್ಣನನ್ನೂ ಕರೆದ. ಇಬ್ಬರೂ ಅಂಗಾತ ಮಲಗಿದರು. ಚಾಸಿಯ ಉದ್ದದ ತೊಲೆಗೆ ಸುತ್ತಿಗೆ ಬಡಿದರೆ ಟಣ್ ಎಂದಿತು. ಅಡ್ಡಪಟ್ಟಿಗೆ ಬಡಿದರೆ ಥಪ್ ಎಂದು ಚಕ್ಕೆ ಉದುರಿತು. ಅದರ ಜೊತೆಗೆ ಹಲಗೆಯ ಸಂದಿಯಿಂದ ಇನ್ನೇನೋ ಉದುರಿ ಹಮ್ಮಣ್ಣನ ತುಟಿಯ ಮೇಲೆ ಬಿತ್ತು. ನಾಲಿಗೆ ತಾಗಿಸಿ ನೋಡಿದ. ಉಪ್ಪು.

ಹೊರಗೆ ಬಂದ ಮೇಸ್ತ್ರಿ ಲಾರಿಯ ಮೇಲೆ ಹತ್ತಿ, ಹಾರೆ ಹಾಕಿ ಒಂದು ಹಲಗೆ ಎಬ್ಬಿಸಿದ. ಅಡಿಯಲ್ಲಿ ಎರಡು ಬೆರಳು ದಪ್ಪಕ್ಕೆ ಉಪ್ಪು ಹೆಪ್ಪುಗಟ್ಟಿತ್ತು. ತುಕ್ಕಿನ ನೀರು ಹೀರಿ ಕೆಂಪಾಗಿತ್ತು. ಹಮ್ಮಣ್ಣನ ಕೈ ತಾನಾಗಿಯೇ ಮುಂದೆ ಹೋಗಿ ಅದನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಿತು.

ಅದಕ್ಕೆ ಕಾರಣವಿತ್ತು. ಹದಿನಾಲ್ಕು ವರ್ಷದ ಹಿಂದೆ ಅವನು ಮೊದಲ ಲಾರಿ ತಂದಾಗ ತಾಯಿ ಬದುಕಿದ್ದಳು. ಉಪ್ಪೆಂದರೆ ಲಕ್ಷ್ಮಿ, ಅದು ಕಾಲಿಗೆ ಸಿಗಬಾರದು, ಚರಂಡಿಗೆ ಹೋಗಬಾರದು ಎಂದು ಹೇಳಿದ್ದಳು. ಅಂದಿನಿಂದ ಹಮ್ಮಣ್ಣ ಚಪ್ಪಲಿ ಹಾಕಿಕೊಂಡು ಲಾರಿ ಹತ್ತಲು ಯಾರಿಗೂ ಬಿಡಲಿಲ್ಲ. ಉಪ್ಪು ಹೊರುವ ಜಾಗಕ್ಕೆ ಪೊರಕೆ ಸೋಕಿಸಲಿಲ್ಲ, ನೀರು ಸುರಿಯಲಿಲ್ಲ. ಮಳೆಯಾದರೂ ತೊಳೆಯುತ್ತಿತ್ತೋ ಏನೋ, ಅದಕ್ಕೂ ಅವನು ಅವಕಾಶ ಕೊಡಲಿಲ್ಲ. ಮಳೆಗಾಲದ ನಾಲ್ಕು ತಿಂಗಳೂ ತಾಡಪತ್ರಿ ಹೊದಿಸಿ, ಬಾಣಂತಿಯ ಹಾಗೆ ಬೆಚ್ಚಗೆ ಮುಚ್ಚಿಡುತ್ತಿದ್ದ. ದಿನವೂ ಎದುರಿಗೆ ಊದುಬತ್ತಿ ಮಾತ್ರ ತಪ್ಪುತ್ತಿರಲಿಲ್ಲ.

ಮೇಸ್ತ್ರಿ ಹಾರೆಯನ್ನು ಕೆಳಗಿಟ್ಟು ಕೇಳಿದ.

"ಹಿಂದಿನ ಲಾರಿ ಎಷ್ಟು ವರ್ಷ ಬಂತು?"

"ಏಳು."

"ಇದು?"

"ಏಳು."

"ಮುಂದಿನದು?"

ಹೊಳೆಬದಿಯ ಗದ್ದೆ ಹಮ್ಮಣ್ಣನ ಕಣ್ಣ ಮುಂದೆ ಬಂತು. ಇನ್ನು ಏಳು ವರ್ಷಕ್ಕೆ ಮಾರಲು ಎರಡನೆಯ ಗದ್ದೆ ಇರಲಿಲ್ಲ.

"ಉಪ್ಪು ತಿಂದವ ನೀರು ಕುಡೀಲೇಬೇಕು ಅಂತಾರಲ್ಲ ನಾಯಕರೇ," ಎಂದ ಮೇಸ್ತ್ರಿ. "ನಿಮ್ಮ ಲಾರಿ ಏಳು ವರ್ಷ ಉಪ್ಪು ತಿಂದದೆ. ಒಂದು ದಿನ ಒಂದು ಕೊಡ ನೀರು ಕುಡಿಸಿದ್ದೀರಾ?"

ಆಮೇಲೆ ವಿಷಯ ಬಿಡಿಸಿ ಹೇಳಿದ. ಉದ್ದದ ತೊಲೆಗಳು ಇನ್ನೂ ಗಟ್ಟಿ ಇವೆ. ಅಡ್ಡಪಟ್ಟಿ, ತಳ, ಬಾಗಿಲು ಬದಲಿಸಿದರೆ ಇನ್ನೂ ಕೆಲವು ವರ್ಷ ಓಡುತ್ತದೆ. ಆದರೆ ತೊಳೆಯುವುದಿಲ್ಲ ಅಂತಾದರೆ ಈ ಲಾರಿಯನ್ನೂ ತರಬೇಡಿ, ಹೊಸದನ್ನೂ ತರಬೇಡಿ. ಕಬ್ಬಿಣದ ಡಬ್ಬಿಯಲ್ಲಿ ಉಪ್ಪು ತುಂಬಿಡುವ ಹೆಂಗಸು ಈ ಊರಲ್ಲಿ ಒಬ್ಬಳೂ ಇಲ್ಲ, ನೀವು ಹದಿನಾಲ್ಕು ವರ್ಷ ಇಟ್ಟಿರಿ ಎಂದು ಸುತ್ತಿಗೆ ಎತ್ತಿಕೊಂಡು ಬೇರೆ ಕೆಲಸಕ್ಕೆ ಹೋದ.

ಹಮ್ಮಣ್ಣ ಮನೆಗೆ ಬಂದಾಗ ಬೀರಮ್ಮ ಅಂಗಳದಲ್ಲಿ ಕೂತು ಭರಣಿಗೆ ಮಾವಿನಕಾಯಿ, ಉಪ್ಪು ತುಂಬುತ್ತಿದ್ದಳು. ಅವನು ನಡೆದದ್ದನ್ನೆಲ್ಲ ಹೇಳಿದ. ತೊಳೆದರೆ ತಾಯಿಯ ಮಾತು ಮೀರಿದ ಹಾಗೆ, ತೊಳೆಯದಿದ್ದರೆ ಲಾರಿ ಉಳಿಯುವುದಿಲ್ಲ, ಏನು ಮಾಡುವುದೆಂದು ತೋಚುತ್ತಿಲ್ಲ ಎಂದ.

ಬೀರಮ್ಮ ಮೂರು ದಿನದ ಮೌನ ಮುರಿದಳು. "ಉಪ್ಪು ತಿಂದದ್ದು ಲಾರಿ. ನೀರು ಕುಡಿಯೂದು ನನ್ನ ಗದ್ದೆಯಾ?"

ಅವಳು ಭರಣಿಯ ಬಾಯಿಗೆ ಬಟ್ಟೆ ಕಟ್ಟಿದಳು. ಮತ್ತೆ ಮಾತಾಡಿದಾಗ ಸಿಟ್ಟು ಸ್ವಲ್ಪ ಇಳಿದಿತ್ತು.

"ಅತ್ತೆ ಹೇಳಿದ್ದು ಸುಳ್ಳಲ್ಲ. ಅದು ಲಕ್ಷ್ಮಿಯೇ. ಆದ್ರೆ ಲಕ್ಷ್ಮಿ ಸಮುದ್ರರಾಜನ ಮಗಳಲ್ವಾ? ಹೆಣ್ಣುಮಗಳನ್ನ ಹದಿನಾಲ್ಕು ವರ್ಷ ತವರಿಗೆ ಕಳಿಸದೆ ಕೂಡಿಹಾಕಿದ್ರೆ ಯಾವ ಮನೆ ಉಳೀತದೆ? ಚರಂಡಿ ಬದಿ ಯಾಕೆ ತೊಳೀಬೇಕು, ಹೊಳೆಯಲ್ಲಿ ತೊಳೀರಿ. ಹೊಳೆ ಕಡಲಿಗೇ ಹೋಗ್ತದೆ."

ಅವಳು ಯಾವ ಹೆಣ್ಣುಮಗಳ ಮಾತಾಡುತ್ತಿದ್ದಾಳೆ ಎಂದು ಹಮ್ಮಣ್ಣನಿಗೆ ಒಂದು ಗಳಿಗೆ ಅನುಮಾನವಾಯಿತು. ಕೇಳುವ ಧೈರ್ಯ ಬರಲಿಲ್ಲ.

ಭಾನುವಾರ ಬೆಳಿಗ್ಗೆ ಗಂಡಹೆಂಡತಿ ಲಾರಿಯನ್ನು ಉಬ್ಬರದ ಉಪ್ಪುನೀರು ಏರದ ಮೇಲಿನ ಜಾಗದವರೆಗೆ ಒಯ್ದು ಹೊಳೆಗೆ ಇಳಿಸಿದರು. ಹಲಗೆಗಳನ್ನು ಎಬ್ಬಿಸಿ ಕೊಡಪಾನದಲ್ಲಿ ನೀರು ಮೊಗೆಮೊಗೆದು ಸುರಿದರು. ಮೊದಲು ಇಳಿದ ನೀರು ಕುಂಕುಮದ ಹಾಗೆ ಕೆಂಪಗಿತ್ತು. ಮಧ್ಯಾಹ್ನದ ಹೊತ್ತಿಗೆ ತಿಳಿಯಾಯಿತು. ಹಮ್ಮಣ್ಣ ಕಡಲಿನ ಕಡೆ ಹೋಗುವ ನೀರಿಗೆ ಕೈಮುಗಿದ. ಬೀರಮ್ಮ ಸೆರಗು ಹಿಂಡಿಕೊಂಡಳು.

ಸೋಮವಾರ ಪಕ್ಕದೂರಿನವನು ಬಂದ. ಗದ್ದೆ ಕೊಡುವುದಿಲ್ಲ ಎಂದು ಹೇಳಿ, ಚಹಾ ಕೊಟ್ಟು ಕಳಿಸಿದರು. ಮಳೆಗಾಲದಲ್ಲಿ ಲಾರಿ ಇನಾಸನ ಗ್ಯಾರೇಜಿನಲ್ಲಿ ಹೊಸ ತಳ ಹಾಕಿಸಿಕೊಂಡಿತು. ಅದೇ ಮಳೆಗಾಲದಲ್ಲಿ ಬೀರಮ್ಮ ಎಂಟು ದಿನ ತವರಿಗೆ ಹೋಗಿಬಂದಳು. ಬಸ್ಸಿಗೆ ಹತ್ತಿಸಿದ್ದು ಹಮ್ಮಣ್ಣನೇ.

ಆಮೇಲೆ ಲೋಡು ಇಳಿದ ಪ್ರತಿ ಸಲವೂ ಲಾರಿ ಹೊಳೆಗೆ ಹೋಗುತ್ತಿತ್ತು. ಇನ್ನೂ ಆರು ವರ್ಷ ದುಡಿಯಿತು. ಕಬ್ಬಿಣವೇನೂ ಚಿರಂಜೀವಿಯಲ್ಲ, ಕೊನೆಗೊಂದು ದಿನ ಅದನ್ನು ಗುಜರಿಗೆ ಹಾಕಲೇಬೇಕಾಯಿತು. ಅಷ್ಟು ಹೊತ್ತಿಗೆ ಹಮ್ಮಣ್ಣನ ಕೈಯಲ್ಲಿ ನಾಲ್ಕು ಕಾಸು ಕೂಡಿತ್ತು. ಗದ್ದೆಯ ಒಂದು ಹಿಡಿ ಮಣ್ಣೂ ಮಾರದೆ ಹೊಸ ಲಾರಿ ಅಂಗಳಕ್ಕೆ ಬಂತು. ಭಟ್ಟರು ಮುಂದೆ ನಿಂತು ಕುಂಕುಮ ಹಚ್ಚುತ್ತಿದ್ದಾಗ ಬೀರಮ್ಮ ಹಿಂದಿನಿಂದ ಹತ್ತಿ ಎರಡು ಕೊಡಪಾನ ಇಟ್ಟು ಇಳಿದಳು.

ನೀತಿ: ಹಾಳಾದದ್ದನ್ನು ಸರಿಮಾಡುವುದೋ, ಬದಲಿಸುವುದೋ ಎಂದು ಕೇಳುವ ಮೊದಲು ಅದನ್ನು ಹಾಳು ಮಾಡಿದ್ದು ಯಾವುದು ಎಂದು ಕೇಳಬೇಕು. ಅಭ್ಯಾಸ ಹಳೆಯದೇ ಉಳಿದರೆ, ಮನೆಗೆ ಬಂದ ಹೊಸದೂ ಹಳೆಯದರ ದಾರಿಯನ್ನೇ ಹಿಡಿಯುತ್ತದೆ.