ತೇಲುಬಟ್ಟಲ ತೂಬು

ತೂತಿದ್ದರೆ ದುಡಿಯುತ್ತದೆ, ತೂತು ಮುಚ್ಚಿದರೆ ಸೋಮಾರಿಯಾಗುತ್ತದೆ, ಅದೇನು? ಜರಡಿ ಎನ್ನಬೇಡಿ, ಕೊಳಲು ಎನ್ನಬೇಡಿ. ಜಾಲಿಗುಪ್ಪೆಯ ಹೈಸ್ಕೂಲು ಮೇಷ್ಟ್ರೇ ಇದಕ್ಕೆ ಸೋತಿದ್ದಾರೆ. ಆ ಊರಿನ ಕೆರೆ ಏರಿಗೆ ಈಗ ಡಾಂಬರು ಬಿದ್ದಿದೆ, ತೂಬಿಗೆ ಕಬ್ಬಿಣದ ತಿರುಗುಚಕ್ರ ಬಂದಿದೆ. ಬಸ್ಸಿನ ಕಂಡಕ್ಟರು ಮಾತ್ರ ಇವತ್ತಿಗೂ "ತೇಲುಬಟ್ಟಲು ಇಳೀರಿ" ಎಂದೇ ಕೂಗುತ್ತಾನೆ. ಇಳಿದವರಿಗೆ ಅಲ್ಲಿ ಬಟ್ಟಲೂ ಕಾಣುವುದಿಲ್ಲ, ಗಿಟ್ಟಲೂ ಕಾಣುವುದಿಲ್ಲ.

ಹಿಂದೆ ಒಮ್ಮೆ, ಗಡಿಯಾರವೆಂಬುದು ಆ ಊರಿಗೆ ಇನ್ನೂ ಕಾಲಿಡದಿದ್ದಾಗ, ಕದಿರಪ್ಪನೆಂಬ ನೀರುಗಂಟಿ ಇದ್ದನಂತೆ. ಕೆರೆಯ ನೀರನ್ನು ಗದ್ದೆಗದ್ದೆಗೂ ಸರದಿಯಂತೆ ಹಂಚುವುದು ಅವನ ಕೆಲಸ. ಮಣ್ಣಿನ ಹರವಿಯ ನೀರಿನ ಮೇಲೆ ತಳದಲ್ಲಿ ಸಣ್ಣ ತೂತಿರುವ ತಾಮ್ರದ ಬಟ್ಟಲನ್ನು ಬಿಡುವನು. ಅದು ತುಂಬಿ ಮುಳುಗಿದರೆ ಒಂದು ಸರದಿ ಮುಗಿಯಿತು. "ಮುಳುಗಿತೋ" ಎಂದು ಕೂಗುವನು, ಕೆಳಗಿನವರು ಒಂದು ಕಾಲುವೆ ಮುಚ್ಚಿ ಇನ್ನೊಂದು ಬಿಚ್ಚುವರು. ಅವನು ಕೂಗದೆ ಕಾಲುವೆಯ ಬಾಯಿ ಮುಟ್ಟುವುದು ಕಳ್ಳತನಕ್ಕಿಂತ ದೊಡ್ಡ ತಪ್ಪು. ಹೀಗಿರುವಾಗ ಊರಗೌಡರು ಪೇಟೆಯಿಂದ ಗಂಟೆ ಹೊಡೆಯುವ ಗಡಿಯಾರ ತಂದು ತೂಬಿನ ಕಂಬಕ್ಕೆ ನೇತುಹಾಕಿದರು. ನಾಳೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡೋಣ, ಬಟ್ಟಲು ತಪ್ಪಿದರೆ ನೀರುಗಂಟಿಕೆ ತಮ್ಮ ಅಳಿಯನಿಗೆ ಎಂದುಬಿಟ್ಟರು. ಅಪ್ಪ, ತಾತ, ಮುತ್ತಾತ ಮಾಡಿಕೊಂಡು ಬಂದ ಕೆಲಸ. ಕದಿರಪ್ಪನಿಗೆ ಅದೇ ಚಿಂತೆ. ಅವನ ಹೆಂಡತಿ ಅಕ್ಕಯಮ್ಮನಿಗೆ ಚಿಂತೆ ಬೇರೆ: ಥಳಥಳಿಸುವ ಗಡಿಯಾರದ ಪಕ್ಕ ಈ ಕಿಲುಬು ಬಟ್ಟಲು ಇಡುವುದು ಹೇಗೆ? ಗಂಡನಿಗೆ ಹೇಳದೆ ಕಲಾಯಿಯವನ ಕೈಗೆ ಕೊಟ್ಟಳು. ಅವನು ಒಳ್ಳೆಯ ಮನುಷ್ಯ. ಬೆಳ್ಳಿಯಂತೆ ಹೊಳೆಸಿ, ತೂತು ಬಿದ್ದಿದೆಯಲ್ಲ ಪಾಪ ಎಂದು ಅದನ್ನೂ ಮುಚ್ಚಿಕೊಟ್ಟ.

ಮರುದಿನ ಮೊದಲ ಸರದಿ ಗೌಡರ ಗದ್ದೆಯದೇ. ಬಟ್ಟಲು ಬಾತುಕೋಳಿಯಂತೆ ತೇಲುತ್ತ ಕೂತಿತು. ಗಡಿಯಾರ ಢಣ್ ಎಂದಿತು. ಅಳಿಯ ಗಂಟೆ ಹೊಡೀತು ಎಂದು ಅರಚಿದ. ಹೊಡೆದರೆ ಹೊಡೆಯಲಿ ಎಂದು ಜನ ಎಲೆಅಡಿಕೆ ಜಗಿಯುತ್ತಿದ್ದರು. ಗೌಡರ ಆಳುಗಳೇ ಗುದ್ದಲಿ ಊರಿಕೊಂಡು ನಿಂತರು. ನೀರು ಬದು ಹತ್ತಿತು, ಮೊನ್ನೆ ನೆಟ್ಟ ಪೈರಿನ ತುದಿ ಮಾತ್ರ ಕಂಡಿತು. ಗೌಡರು ಪಂಚೆ ಎತ್ತಿಕೊಂಡು ಏರಿಗೆ ಓಡಿಬಂದರು.

"ಕೂಗೋ ಕದಿರಾ."

"ಮುಳುಗಿಲ್ಲವಲ್ಲ ಗೌಡ್ರೇ. ನಮ್ಮಪ್ಪ ಒಂದಿನಾನೂ ಸುಳ್ಳು ಕೂಗಿದೋನಲ್ಲ."

"ನನ್ನ ಪೈರು ಮುಳುಗೈತೆ ಕಣಯ್ಯಾ, ಅದನ್ನಾದ್ರೂ ನೋಡಿ ಕೂಗು."

ಕದಿರಪ್ಪ ಬಟ್ಟಲನ್ನೊಮ್ಮೆ ನೋಡಿದ, ಪೈರನ್ನೊಮ್ಮೆ ನೋಡಿದ, ಕಣ್ಣು ಮುಚ್ಚಿ ಕೂಗಿದ. ಆ ಕ್ಷಣಕ್ಕೆ ಗುದ್ದಲಿಗಳೆಲ್ಲ ಎದ್ದವು. ಗಡಿಯಾರ ಕಂಬದಲ್ಲೇ ಉಳಿಯಿತು. ಅದರ ಕೆಳಗೆ ನೀರುಗಂಟಿಯಾಗಿ ಕದಿರಪ್ಪನೂ ಉಳಿದ. ಅಂದಿನಿಂದ ಮುಳ್ಳು ನೋಡಿಕೊಂಡೇ "ಮುಳುಗಿತೋ" ಎನ್ನುತ್ತಿದ್ದ. ತೂಬಿಗೆ ತೇಲುಬಟ್ಟಲ ತೂಬೆಂದೇ ಹೆಸರು ನಿಂತಿತು ಎನ್ನುತ್ತಾರೆ.

ಆಮೇಲೆ ಗಡಿಯಾರವೂ ಹೋಯಿತು, ಮಾತು ಹೋಗಲಿಲ್ಲ. ಕರೆಂಟು ಹೋದರೆ ಅಲ್ಲಿ "ಮುಳುಗಿತು". ಫೋನಿನ ಚಾರ್ಜು ಮುಗಿದರೂ ಅಷ್ಟೇ. ಪರೀಕ್ಷೆಯ ಕೊನೆಯ ಗಂಟೆ ಹೊಡೆದರಂತೂ ಹುಡುಗರೆಲ್ಲ ಒಟ್ಟಿಗೆ ಮುಳುಗುತ್ತಾರೆ. ತೂಬಿನ ಕಂಬದ ಮೇಲೆ ಅರ್ಧಚಂದ್ರದಂಥ ಒಂದು ಕೆತ್ತನೆ ಈಗಲೂ ಇದೆ. ಹಿರಿಯರು ಅದನ್ನು ಬಟ್ಟಲು ಎನ್ನುತ್ತಾರೆ, ಚಿಕ್ಕ ಮಕ್ಕಳು ಡಿಶ್ ಆಂಟೆನಾ ಎನ್ನುತ್ತಾರೆ. ಕದಿರಪ್ಪ ಆ ಸಂಜೆ ಬಟ್ಟಲನ್ನು ಕೆರೆಗೆ ಬಿಟ್ಟನೆಂದೂ, ಕೆರೆ ತುಂಬಿದ ವರ್ಷ ಅದು ನಡುನೀರಿನಲ್ಲಿ ಹೊಳೆಯುತ್ತದೆಂದೂ ಕೇಳಿದ ಪ್ರವಾಸಿಗರು ಏರಿಯ ಮೇಲೆ ಕಣ್ಣು ಕಿರಿದು ಮಾಡಿಕೊಂಡು ನಿಂತಿರುತ್ತಾರೆ. ಪಾಪ, ನಿಲ್ಲಬೇಡಿ. ಆ ಬಟ್ಟಲು ಕೊನೆಗೆ ಏನಾಯಿತೋ ಊರಲ್ಲಿ ಯಾರಿಗೂ ಗೊತ್ತಿಲ್ಲ. ಕೆರೆಗೆ ಬಿಟ್ಟದ್ದು ಕದಿರಪ್ಪನಲ್ಲ, ಇದನ್ನು ಬರೆದವನು.